ಸೋವಿ ನಾಡಿನ ವಾಸ

'ಸೋವಿ' ಎಂಬುದು ನಮ್ಮ ಕಡೆಯ ಮಾತು. ಬೆಂಗಳೂರು ಮೈಸೂರುಗಳವರು ಅಗ್ಗವೆಂದು ಕರೆಯುವುದನ್ನು ಧಾರವಾಡ ಹಾವೇರಿಗಳ ಸೀಮೆಯವರಾದ ನಾವು ಸೋವಿಯೆನ್ನುತ್ತೇವೆ; ಅದಕ್ಕೆ ಪ್ರತಿಯಾದುದು ತುಟ್ಟಿ. ಸಂತೆಯಿಂದ ಮರಳಿದ ಗೃಹಿಣಿಯ ಬಾಯಲ್ಲಿ ಈ ಎರಡು ಮಾತುಗಳು ಬದನೆಕಾಯಿಯನ್ನೂ ಮೆಣಸಿನಕಾಯಿಯನ್ನೂ ಕುರಿತು ಹೊರಡುತ್ತಿದ್ದುವು. ಈಗ ಕೆಲವು ವರ್ಷಗಳಿಂದ ಇವು ಕಾಯಿಪಲ್ಲೆಯನ್ನು ದಾಟಿ ದೇಶಗಳಿಗೇ ಅನ್ವಯಿಸತೊಡಗಿವೆ. ಇಂಥ ದೇಶವು ಸೋವಿಯಾದುದು, ಇಂಥದು ತುಟ್ಟಿಯಾದುದು. ತುಟ್ಟಿಯ ದೇಶದಲ್ಲಿ ಗಳಿಸಿ ಸೋವಿಯ ದೇಶದಲ್ಲಿ ವೆಚ್ಚ ಮಾಡುತ್ತ ಬಾಳುವವನೇ ಜಾಣನೆಂದು ತಿಳಿದವರು ಹೇಳುತ್ತಾರೆ. ಇದು ಜಾಣತನವೆಂಬುದರಲ್ಲಿ ಸಂಶಯವಿಲ್ಲ. ಆದರೆ ಜಾಣತನವೂ ಒಳ್ಳೆಯತನವೂ ಯಾವಾಗಲೂ ಒಂದೇ ಬಂಡಿಗೆ ಹೂಡಿದ ಎತ್ತುಗಳಲ್ಲವಾದುದರಿಂದ, ಇವೆರಡೂ ಇಲ್ಲಿ ಎಷ್ಟು ದೂರ ಜೊತೆಯಾಗಿ ನಡೆಯುತ್ತವೆಂಬುದನ್ನು ವಾಚಕರ ಸಂಗಡ ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಕೈಕೊಂಡಿದ್ದೇನೆ.

ಇದಕ್ಕೆ ನಿಮಿತ್ತರಾದವರು ನನ್ನ ಬಾಲ್ಯಸ್ನೇಹಿತರು. ಅವರು ಸವಣೂರಿನಲ್ಲಿ ಹುಟ್ಟಿ, ನನ್ನೊಡನೆ ಇಲ್ಲಿಯೇ ಕಲಿತು, ಮುಂದೆ ಎಂಜಿನಿಯರಾಗಿ ಅಮೇರಿಕೆಗೆ ಹೋಗಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ದುಡಿದು, ಅಲ್ಲಿಯ ನಾಗರಿಕರೂ ಆಗಿದ್ದಾರೆ. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಒಂದು ತೊಡಕು ಎದುರಾಯಿತು. ಅಲ್ಲಿಯ ಸರಕಾರವು ಕೊಡುವ ವೃದ್ಧಾಪ್ಯದ ವೇತನವು ಅಲ್ಲಿಯ ಮನೆಬಾಡಿಗೆಗೂ ವೈದ್ಯರ ವೆಚ್ಚಕ್ಕೂ ಬಿಗಿಯಾಗುತ್ತದೆ. ಅದೇ ಹಣವನ್ನು ಬೇರೊಂದು ದೇಶಕ್ಕೆ ತರಿಸಿಕೊಂಡರೆ ಅದು ಮೂರು ಮಡಿಯಾಗಿ ಬಾಳುತ್ತದೆ. ಹೀಗೆಂದು ಅವರು ಒಂದು ಕಾಗದದ ಮೇಲೆ ನಾಲ್ಕು ಹೆಸರುಗಳನ್ನು ಬರೆದುಕೊಂಡು ಬಂದಿದ್ದರು: ಪೋರ್ತುಗಾಲ, ಮೆಕ್ಸಿಕೋ, ಥಾಯ್ಲೆಂಡ್, ಭಾರತ. ನಮ್ಮೂರ ದೊಡ್ಡಹುಣಸೆ ಮರಗಳ ಬಳಿ ಒಂದು ಸಂಜೆ ಆ ಕಾಗದವನ್ನು ನನ್ನ ಕೈಗಿತ್ತು, "ಯಾವುದನ್ನು ಆರಿಸಲಿ?" ಎಂದು ಕೇಳಿದರು. ನಾಲ್ಕನೆಯ ಹೆಸರನ್ನು ಕಂಡು ನನಗೆ ಒಂದು ಬಗೆಯ ನೋವಾಯಿತೆಂದು ಒಪ್ಪಿಕೊಳ್ಳುತ್ತೇನೆ. ತಾನು ಹುಟ್ಟಿದ ಊರು ಸೋವಿಯಾದ ನಾಲ್ಕು ದೇಶಗಳ ಪಟ್ಟಿಯಲ್ಲಿ ಒಂದಾಗಿ ನಿಂತುದನ್ನು ನಾನು ಅದೇ ಮೊದಲು ಕಂಡೆನು. ಆ ನೋವು ನ್ಯಾಯವಾದುದೋ ಅಲ್ಲವೋ ಎಂಬುದನ್ನೂ ಮುಂದೆ ನೋಡೋಣ.

ಮೊದಲು ದೇಶವೊಂದು ಸೋವಿಯಾಗುವುದೆಂದರೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬಂಗಾರದ ಬೆಲೆಯು ಲಂಡನ್ನಿನಲ್ಲಿಯೂ ಹಾವೇರಿಯಲ್ಲಿಯೂ ಬಹಳ ಭೇದವುಳ್ಳದ್ದಲ್ಲ. ಸುಂಕವನ್ನು ಬಿಟ್ಟರೆ ಎಣ್ಣೆ, ಯಂತ್ರ, ಕೈಯೊಳಗಣ ದೂರವಾಣಿ, ಇವೂ ಹಾಗೆಯೇ. ಏಕೆಂದರೆ ಇವು ಹಡಗನ್ನೇರಿ ಪ್ರಯಾಣ ಮಾಡಬಲ್ಲ ವಸ್ತುಗಳು. ಒಂದು ಕಡೆ ಸೋವಿಯಾದರೆ ತುಟ್ಟಿಯಾದ ಕಡೆಗೆ ಹರಿದು ಹೋಗಿ ಬೆಲೆಯನ್ನು ಸಮಮಾಡಿಕೊಳ್ಳುತ್ತವೆ. ಹಾಗೆ ಹರಿಯಲಾರದವು ಯಾವುವು? ಮನೆ, ನೆಲ, ಮತ್ತು ಮುಖ್ಯವಾಗಿ ಮನುಷ್ಯನ ಕೈಕೆಲಸ. ಸವಣೂರಿನ ಕ್ಷೌರಿಕನು ಬಳಸುವ ಕತ್ತಿಯೂ ನ್ಯೂಯಾರ್ಕಿನ ಕ್ಷೌರಿಕನು ಬಳಸುವ ಕತ್ತಿಯೂ ಒಂದೇ. ತಗಲುವ ಹೊತ್ತೂ ಒಂದೇ. ತಲೆಗಳಲ್ಲಿಯೂ ಹೇಳುವಂಥ ಭೇದವಿಲ್ಲ. ಆದರೂ ಅಲ್ಲಿ ಒಂದು ಕ್ಷೌರಕ್ಕೆ ಕೊಡುವ ಹಣದಿಂದ ಇಲ್ಲಿ ಒಬ್ಬನು ವರ್ಷವಿಡೀ ಕ್ಷೌರ ಮಾಡಿಸಿಕೊಳ್ಳಬಹುದು. ಅಡಿಗೆಯವಳು, ಅಗಸನು, ಬಂಡಿ ಹೊಡೆಯುವವನು, ರೋಗಿಯ ಆರೈಕೆ ಮಾಡುವ ದಾದಿ, ಇವರೆಲ್ಲರ ವಿಷಯದಲ್ಲಿಯೂ ಹೀಗೆಯೇ. ಆದುದರಿಂದ ಸೋವಿಯ ನಾಡೆಂದರೆ ಮನುಷ್ಯನ ದುಡಿಮೆಯು ಸೋವಿಯಾಗಿರುವ ನಾಡು ಎಂದೇ ಅರ್ಥ. ಸೋವಿತನವು ಆ ನೆಲದ ಗುಣವಲ್ಲ; ಹೊರಗಿನಿಂದ ಹಣ ತರುವವನಿಗೂ ಒಳಗೆ ದುಡಿಯುವವನಿಗೂ ನಡುವೆ ಇರುವ ಅಂತರದ ಹೆಸರು. ಅಲ್ಲಿಯೇ ಹುಟ್ಟಿ ಅಲ್ಲಿಯೇ ಗಳಿಸುವವನಿಗೆ ಯಾವ ನಾಡೂ ಸೋವಿಯಲ್ಲ. ಎಲೆತೋಟದಲ್ಲಿ ದಿನವೆಲ್ಲ ಎಲೆ ಬಿಡಿಸಿ ಸಂಜೆಗೆ ಅಕ್ಕಿ ಎಣ್ಣೆಗಳನ್ನು ಕೊಳ್ಳುವವಳನ್ನು ಸವಣೂರು ಸೋವಿಯೋ ತುಟ್ಟಿಯೋ ಎಂದು ಕೇಳಿದರೆ ಅವಳು ಕೊಡುವ ಉತ್ತರವು ನನ್ನ ಸ್ನೇಹಿತರ ಉತ್ತರವಾಗಿರಲಾರದು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಸೋವಿ ನಾಡಿನ ವಾಸವು ದೋಷವೆಂದು ಸಿದ್ಧವಾಗುವುದಿಲ್ಲ. ಅದರ ಪಕ್ಷದಲ್ಲಿ ಹೇಳಬಹುದಾದುದನ್ನೆಲ್ಲ ಪೂರ್ಣವಾಗಿ ಹೇಳಿಯೇ ಮುಂದೆ ಸಾಗುವುದು ನ್ಯಾಯ. ಮೊದಲನೆಯದಾಗಿ, ವೃದ್ಧನಾದವನು ತನ್ನ ಅಲ್ಪವಾದ ಉಳಿತಾಯದಿಂದ ಮಾನವಾಗಿ ಬಾಳಬೇಕೆಂದು ಬಯಸುವುದು ತಪ್ಪಲ್ಲ. ತುಟ್ಟಿಯ ನಾಡಿನಲ್ಲಿ ಮಕ್ಕಳಿಗೆ ಭಾರವಾಗಿಯೋ ಸರಕಾರದ ದಯೆಗೆ ಕೈಯೊಡ್ಡಿಯೋ ಇರುವುದಕ್ಕಿಂತ ಸೋವಿಯ ನಾಡಿನಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲುವುದು ಲೇಸು. ಎರಡನೆಯದಾಗಿ, ಹಣದ ಚಿಂತೆ ಕಡಮೆಯಾದಷ್ಟು ಮನುಷ್ಯನಿಗೆ ಹೊತ್ತು ಸಿಕ್ಕುತ್ತದೆ. ಓದಲು, ಬರೆಯಲು, ತೋಟ ಮಾಡಲು, ನೆರೆಯವನ ಮಗುವಿಗೆ ನಾಲ್ಕು ಅಕ್ಷರ ಕಲಿಸಲು ಹೊತ್ತಿನಷ್ಟು ಬೇಕಾದ ಬಂಡವಾಳ ಬೇರಿಲ್ಲ. ಮೂರನೆಯದಾಗಿ, ಪರನಾಡನ್ನು ಕಂಡವನ ಬುದ್ಧಿಯು ವಿಶಾಲವಾಗುತ್ತದೆ. ದೇಶ ಸುತ್ತಬೇಕು, ಕೋಶ ಓದಬೇಕೆಂಬ ಗಾದೆಯು ನಮ್ಮದೇ. ನಮ್ಮೂರಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದುದರಿಂದ ಕನ್ನಡಕ್ಕೆ ಲಾಭವಾಯಿತೇ ಹೊರತು ನಷ್ಟವಾಗಲಿಲ್ಲ.

ನಾಲ್ಕನೆಯ ವಾದವು ಇವುಗಳಿಗಿಂತ ಬಲವಾದುದು. ಬಂದವನಿಂದ ಆ ನಾಡಿಗೆ ಲಾಭವೇ ಆಗುತ್ತದೆಂಬುದು ಅದರ ಸಾರ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಅಧಿಕಾರ ಮಾಡಿದವರು ಇಂಗ್ಲಂಡಿಗೆ ಮರಳಿದ ಮೇಲೆ ಅವರ ನಿವೃತ್ತಿವೇತನವು ನಮ್ಮ ಬೊಕ್ಕಸದಿಂದಲೇ ಹೋಗುತ್ತಿತ್ತು. ಬಡನಾಡಿನಲ್ಲಿ ಗಳಿಸಿದ ಹಣವು ಸಿರಿನಾಡಿನಲ್ಲಿ ವೆಚ್ಚವಾಗುತ್ತಿತ್ತು. ದಾದಾಭಾಯಿ ನವರೋಜಿಯವರು ಈ ಸೋರಿಕೆಯನ್ನು ಲೆಕ್ಕ ಹಾಕಿ 1901ರ ತಮ್ಮ ದೊಡ್ಡ ಗ್ರಂಥದಲ್ಲಿ ಲೋಕದ ಮುಂದಿಟ್ಟರು. ನನ್ನ ಸ್ನೇಹಿತರದು ಇದಕ್ಕೆ ತೀರ ವಿಪರೀತವಾದ ರೀತಿ. ಅವರು ಸಿರಿನಾಡಿನ ಹಣವನ್ನು ಬಡನಾಡಿಗೆ ತಂದು ಸುರಿಯುತ್ತಾರೆ. ಅದರಿಂದ ಕಿರಾಣಿಯ ಅಂಗಡಿಯವನಿಗೂ ಗೌಂಡಿಗೂ ಅಡಿಗೆಯವಳಿಗೂ ಕೆಲಸ ಹುಟ್ಟುತ್ತದೆ. ಸೋರಿದ ನೀರು ಹಿಂದಿರುಗಿ ಹರಿದಂತಾಯಿತು. ಇದನ್ನು ಯಾರು ತಾನೇ ಬೇಡವೆನ್ನುವರು?

ಇನ್ನು ಪರಸ್ಥಳದಿಂದ ಬಂದು ನೆಲೆಸುವುದು ನಮಗೆ ಹೊಸದೂ ಅಲ್ಲ. ಸವಣೂರನ್ನು ಆಳಿದ ನವಾಬರ ಹಿರಿಯರು ಪಠಾಣರು. ಹೊರಗಿನಿಂದ ಬಂದ ಆ ಮನೆತನವು 1948ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೂ ಇಲ್ಲಿಯದಾಗಿಯೇ ಇತ್ತು. ನಾವು ಯಾವ ಮರಗಳ ಬಳಿ ಕುಳಿತು ಮಾತನಾಡುತ್ತಿದ್ದೆವೋ ಆ ದೊಡ್ಡಹುಣಸೆಗಳೂ ಆಫ್ರಿಕದ ಮೂಲದವು. ಅವನ್ನು ಯಾರು ತಂದರೆಂಬುದಕ್ಕೆ ಕಥೆಗಳು ಹಲವಿದ್ದರೂ, ಅವು ಸವಣೂರಿನವಲ್ಲವೆಂದು ಹೇಳುವ ಧೈರ್ಯವುಳ್ಳವನನ್ನು ನಾನು ಇನ್ನೂ ಕಂಡಿಲ್ಲ.

ಇಷ್ಟು ಪೂರ್ವಪಕ್ಷ. ಇನ್ನು ಎದುರಿನ ಮಾತನ್ನು ಕೇಳಬೇಕು. ಇದನ್ನು ಎತ್ತಿ ಹೇಳಲು ನಾನು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ರಾಣೇಬೆನ್ನೂರು ತಾಲೂಕಿನ ಚಳಗೇರಿಯ ತರುಣನೊಬ್ಬನು ಪಿ.ಯು.ಸಿ. ಪರೀಕ್ಷೆಯಲ್ಲಿ ನೂರಕ್ಕೆ 97ರಷ್ಟು ಅಂಕಗಳನ್ನು ಪಡೆದರೂ ಇಲ್ಲಿ ವೈದ್ಯವಿದ್ಯೆಯ ಸ್ಥಾನವನ್ನು ಕೊಳ್ಳುವ ಶಕ್ತಿಯಿಲ್ಲದುದರಿಂದ ಯುಕ್ರೇನಿನ ಖಾರ್ಕಿವ್ ನಗರಕ್ಕೆ ಓದಲು ಹೋಗಿದ್ದನು. ನಮ್ಮ ಖಾಸಗಿ ಮಹಾವಿದ್ಯಾಲಯಗಳಲ್ಲಿ ಈ ಓದಿಗೆ ಅರ್ಧಕೋಟಿಯಿಂದ ಕೋಟಿ ರೂಪಾಯಿಗಳಿಗೂ ಮೀರಿ ಬೇಕಾದರೆ, ಅಲ್ಲಿ ಆರು ವರ್ಷಗಳ ಓದೂ ವಾಸವೂ ಕೂಡಿ ಅದರ ಕಾಲುಭಾಗ ಅರ್ಧಭಾಗಗಳೊಳಗೆ ಮುಗಿಯುತ್ತಿತ್ತು. 2022ರ ಫೆಬ್ರವರಿ 24ರಂದು ರಶಿಯದ ಸೈನ್ಯವು ಆ ದೇಶದ ಮೇಲೆ ಏರಿಹೋಯಿತು. ಮಾರ್ಚ್ 1ರಂದು, ನೆಲಮಾಳಿಗೆಯಲ್ಲಿ ಅಡಗಿದ್ದ ತರುಣರಿಗೆ ತಿನ್ನಲು ಏನಾದರೂ ತರಬೇಕೆಂದು ಹೊರಗೆ ಬಂದ ಈತನು ಗುಂಡಿನ ದಾಳಿಗೆ ಆಹುತಿಯಾದನು. ಅವನ ದೇಹವು ಊರನ್ನು ಮುಟ್ಟಿದುದು ಮಾರ್ಚ್ 21ರಂದು. ತಂದೆತಾಯಿಗಳು ಪೂಜೆಯನ್ನು ಮುಗಿಸಿ ಅದನ್ನು ದಾವಣಗೆರೆಯ ವೈದ್ಯಕೀಯ ಮಹಾವಿದ್ಯಾಲಯವೊಂದಕ್ಕೆ ದಾನಮಾಡಿದರು. ಮಗನು ಯಾವ ವಿದ್ಯೆಗಾಗಿ ಹೋಗಿದ್ದನೋ ಆ ವಿದ್ಯೆಗೇ ಅವನ ದೇಹವನ್ನು ಕೊಟ್ಟ ಆ ತಂದೆತಾಯಿಗಳ ಮನಸ್ಸಿನ ಎತ್ತರವನ್ನು ಅಳೆಯುವ ಕೋಲು ನನ್ನಲ್ಲಿಲ್ಲ. ಅದೇ ವರ್ಷ ನಮ್ಮ ಹಾವೇರಿಯಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯದ ಪಾಠಗಳು ಆರಂಭವಾದುವೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಕಲಕುತ್ತದೆ.

ಯುದ್ಧವು ಆಕಸ್ಮಿಕ, ಅದನ್ನು ವಾದದಲ್ಲಿ ಎಣಿಸಬಾರದೆಂದು ಕೆಲವರು ಹೇಳಬಹುದು. ಸರಿ, ಯುದ್ಧವನ್ನು ಬಿಡೋಣ. ಆದರೂ ಈ ಪ್ರಸಂಗದಿಂದ ಎರಡು ಮಾತುಗಳು ಉಳಿಯುತ್ತವೆ. ಒಂದನೆಯದು, ಆ ತರುಣನು ಸೋವಿಯ ನಾಡನ್ನು ಆರಿಸಿಕೊಳ್ಳಲಿಲ್ಲ. ತನ್ನ ನಾಡಿನ ತುಟ್ಟಿಯು ಅವನನ್ನು ಅಲ್ಲಿಗೆ ತಳ್ಳಿತು. ಸ್ವದೇಶದಲ್ಲಿ ವಿದ್ಯೆಯ ಬೆಲೆಯನ್ನು ಅಷ್ಟು ಏರಿಸಿದವರು ನಾವೇ. ಆದುದರಿಂದ ಅವನ ಪ್ರವಾಸದ ಲೆಕ್ಕದಲ್ಲಿ ನಮ್ಮ ಪಾಲೂ ಇದೆ. ಎರಡನೆಯದು, ಯಾವ ನಾಡಿನ ಬೆಲೆಪಟ್ಟಿಯಲ್ಲಿಯೂ ಕೆಟ್ಟ ದಿನದ ಬೆಲೆಯನ್ನು ಬರೆದಿರುವುದಿಲ್ಲ. ಒಳ್ಳೆಯ ದಿನಗಳಲ್ಲಿ ಹಣವು ಎಲ್ಲವನ್ನೂ ಕೊಳ್ಳುತ್ತದೆ. ಕೆಟ್ಟ ದಿನ ಬಂದಾಗ ಬಾಗಿಲು ತೆರೆಯುವವರು ಯಾರೆಂಬುದು ಹಣದಿಂದ ನಿಶ್ಚಯವಾಗುವ ಸಂಗತಿಯಲ್ಲ. ಆಗ ಭಾರತ ಸರಕಾರವು ವಿಮಾನಗಳನ್ನು ಕಳಿಸಿ ಸುಮಾರು 22,500 ಜನರನ್ನು ಕರೆತಂದಿತು. ಅವರು ಹಿಂದಿರುಗಲು ಒಂದು ಸ್ವದೇಶವಿತ್ತು. ಪೌರತ್ವವೆಂಬುದು ಕೆಟ್ಟ ದಿನದ ನಂಟೆಂದು ಆಗ ನಮಗೆಲ್ಲ ತಿಳಿಯಿತು.

ನಮ್ಮ ಕನ್ನಡದಲ್ಲಿ 'ಪರದೇಶಿ'ಯೆಂಬ ಶಬ್ದದ ಗತಿಯನ್ನು ವಾಚಕರು ಯೋಚಿಸಬೇಕು. ಬೇರೆ ದೇಶದವನೆಂಬುದೇ ಅದರ ಮೂಲಾರ್ಥ. ಆದರೆ ನಮ್ಮ ಮನೆಗಳಲ್ಲಿ "ಪಾಪ, ಪರದೇಶಿ ಕೂಸು" ಎಂದರೆ ದಿಕ್ಕಿಲ್ಲದ ಮಗುವೆಂದು ಅರ್ಥ. ಪರದೇಶದಲ್ಲಿರುವವನ ಮುಖ್ಯವಾದ ಕೊರತೆಯು ಹಣವಲ್ಲ, ದಿಕ್ಕು ಎಂಬುದನ್ನು ನಮ್ಮ ಹಿರಿಯರು ಒಂದೇ ಶಬ್ದದಲ್ಲಿ ಅಡಗಿಸಿಟ್ಟಿದ್ದಾರೆ.

ನನ್ನ ಸ್ನೇಹಿತರ ಪಟ್ಟಿಯ ಮೂರನೆಯ ದೇಶವನ್ನು ನೋಡಿರಿ. ಥಾಯ್ಲೆಂಡು ಐವತ್ತು ವರ್ಷ ದಾಟಿದ ನಿವೃತ್ತರಿಗೆ ಬಾಗಿಲು ತೆರೆದಿದೆ; ಆದರೆ ಬ್ಯಾಂಕಿನಲ್ಲಿ 8 ಲಕ್ಷ ಬಾಹ್ತ್, ಅಂದರೆ ನಮ್ಮ 20 ಲಕ್ಷ ರೂಪಾಯಿಗಳಿಗೂ ಮೇಲಾದ ಹಣವನ್ನಾಗಲಿ, ತಿಂಗಳಿಗೆ 65,000 ಬಾಹ್ತ್ ವರಮಾನವನ್ನಾಗಲಿ ತೋರಿಸಬೇಕು. ಅಲ್ಲಿ ಅವರು ಕೆಲಸ ಮಾಡಕೂಡದು. ನೆಲವನ್ನು ತಮ್ಮ ಹೆಸರಿನಲ್ಲಿ ಕೊಳ್ಳಲಾಗದು. 90 ದಿನಗಳಿಗೊಮ್ಮೆ ತಾವು ಇಂಥಲ್ಲಿ ಇದ್ದೇವೆಂದು ಸರಕಾರಕ್ಕೆ ತಿಳಿಸುತ್ತಿರಬೇಕು. ಅಮೇರಿಕೆಯ ವೃದ್ಧರ ವೈದ್ಯಕೀಯ ವಿಮೆಯು ಸಾಮಾನ್ಯವಾಗಿ ಆ ದೇಶದ ಹೊರಗೆ ನಡೆಯುವುದಿಲ್ಲ. ಇವೆಲ್ಲ ಅನ್ಯಾಯವೆಂದು ನಾನು ಹೇಳುವುದಿಲ್ಲ; ಪ್ರತಿಯೊಂದು ಮನೆಯವರಿಗೂ ತಮ್ಮ ಅತಿಥಿಗಳಿಗೆ ಕಟ್ಟಳೆಗಳನ್ನು ಮಾಡುವ ಅಧಿಕಾರವುಂಟು. ಆದರೆ ಅತಿಥಿಯಾಗಿ ಒಂದು ವಾರ ಇರುವುದು ಬೇರೆ, ಅತಿಥಿಯಾಗಿಯೇ ಮುಪ್ಪನ್ನು ಕಳೆಯುವುದು ಬೇರೆ.

ಭಾರತದಲ್ಲಿಯೂ ಅವರ ಸ್ಥಿತಿಯು ಇದಕ್ಕಿಂತ ತೀರ ಭಿನ್ನವಲ್ಲವೆಂಬುದು ಅವರಿಗೇ ಆಶ್ಚರ್ಯವನ್ನುಂಟುಮಾಡಿತು. ನಮ್ಮ ಸಂವಿಧಾನವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. 2005ರಿಂದ ಸಾಗರೋತ್ತರ ಭಾರತೀಯರಿಗೆ ಕೊಡುತ್ತಿರುವ ಪತ್ರದಿಂದ ಅವರು ಎಷ್ಟು ಕಾಲ ಬೇಕಾದರೂ ಇಲ್ಲಿ ಇರಬಹುದು, ಮನೆಯನ್ನು ಕೊಳ್ಳಬಹುದು, ಆದರೆ ಮತ ಹಾಕುವಂತಿಲ್ಲ, ಬೇಸಾಯದ ಭೂಮಿಯನ್ನು ಕೊಳ್ಳುವಂತಿಲ್ಲ. ಅವರ ತಂದೆಯವರ ಕಾಲದಲ್ಲಿ ಮಾರಿಹೋದ ಎಲೆತೋಟವು ಈಗ ಮಾರಾಟಕ್ಕಿತ್ತು. ಅದನ್ನು ಮತ್ತೆ ಕೊಳ್ಳಬೇಕೆಂದು ಅವರು ಹಣವನ್ನು ಹೊಂದಿಸಿಕೊಂಡೇ ಬಂದಿದ್ದರು. ಆಗದೆಂದು ವಕೀಲರು ಹೇಳಿದ ದಿನ ಸ್ನೇಹಿತರು ತೋಟದ ಬದುವಿನ ಮೇಲೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ಆಗ ನನ್ನ ಮೊದಲಿನ ನೋವು ಕಡಮೆಯಾಯಿತು. ಸವಣೂರನ್ನು ಪರದೇಶಗಳ ಸಾಲಿನಲ್ಲಿ ಬರೆದುದು ಅವರ ಅವಜ್ಞೆಯಿಂದಲ್ಲ. ಕಾನೂನಿನ ಪ್ರಕಾರ ಅದು ಅವರಿಗೆ ಪರದೇಶವೇ ಆಗಿದ್ದಿತು.

ಈಗ ತಕ್ಕಡಿಯ ಮತ್ತೊಂದು ತಟ್ಟೆಯನ್ನು ನೋಡೋಣ. ನಮ್ಮ ಜಿಲ್ಲೆಯಿಂದ ಪ್ರತಿವರ್ಷ ಎಷ್ಟೋ ಕೂಲಿಕಾರರು ಗೋವೆಗೆ ಹೋಗುತ್ತಾರೆ. ಕೆಲವರು ಅರಬಸ್ತಾನದ ಕಡೆಯ ದೇಶಗಳಿಗೂ ಹೋಗುತ್ತಾರೆ. ಇವರು ಸೋವಿಯ ನಾಡಿನಿಂದ ತುಟ್ಟಿಯ ನಾಡಿಗೆ ಹೋಗುವವರು. ಅಲ್ಲಿ ಅರೆಹೊಟ್ಟೆಯುಂಡು ಉಳಿಸಿದುದನ್ನು ಸೋವಿಯಾದ ತಮ್ಮ ಊರಿಗೆ ಕಳಿಸಿ ಮಗಳ ಮದುವೆಯನ್ನೋ ಮನೆಯ ಮಾಳಿಗೆಯನ್ನೋ ಮಾಡಿಸುತ್ತಾರೆ. ಸಿರಿವಂತನು ತುಟ್ಟಿಯಿಂದ ಸೋವಿಯ ಕಡೆಗೂ ಬಡವನು ಸೋವಿಯಿಂದ ತುಟ್ಟಿಯ ಕಡೆಗೂ ನಡೆಯುತ್ತಾರೆ. ಇಬ್ಬರೂ ಒಂದೇ ಅಂತರದಿಂದ ಲಾಭ ಪಡೆಯುವವರು. ಹಾಗಿದ್ದರೂ ದಾರಿಯಲ್ಲಿ ಇಬ್ಬರಿಗೂ ಸಿಕ್ಕುವ ಮರ್ಯಾದೆ ಒಂದೇ ಅಲ್ಲ. ಒಬ್ಬನನ್ನು ಅತಿಥಿಯೆಂದೂ ಮತ್ತೊಬ್ಬನನ್ನು ಹೊರಗಿನವನೆಂದೂ ಕರೆಯುತ್ತೇವೆ. ವಾಸ್ಕೋ ನಗರದ ಬಾಯ್ನಾ ಕಡಲತಡಿಯಲ್ಲಿ ಬಹುಕಾಲದಿಂದ ಇದ್ದ ಕನ್ನಡಿಗರ ಮನೆಗಳನ್ನು 2004ರಲ್ಲಿಯೂ ಮತ್ತೆ 2015ರಲ್ಲಿಯೂ ಕೆಡವಿದಾಗ, ಗೋವೆಯ ಎಷ್ಟೋ ಕಟ್ಟಡಗಳ ಕಲ್ಲುಗಳನ್ನು ಹೊತ್ತ ಕೈಗಳು ಅವೆಂಬುದು ಲೆಕ್ಕಕ್ಕೆ ಬರಲಿಲ್ಲ. ಇದರಿಂದ ಸಿರಿವಂತನ ವಲಸೆಯು ತಪ್ಪೆಂದಾಗುವುದಿಲ್ಲ. ಆದರೆ ತನಗೆ ತೆರೆದ ಬಾಗಿಲು ತನ್ನ ಗುಣಕ್ಕಾಗಿ ತೆರೆಯಿತೆಂದು ಅವನು ಭ್ರಮಿಸಬಾರದು.

ಬಂದವರು ಹೆಚ್ಚಾದಂತೆ ಸೋವಿತನವು ತಾನಾಗಿಯೇ ಕರಗುತ್ತದೆಂಬುದೂ ಒಂದು ಮಾತು. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಬೆಂಗಳೂರಿನ ಹೊರಗೆ 3,900 ಎಕರೆ ನೆಲವನ್ನು ಕೊಟ್ಟರು. ಅಲ್ಪವರಮಾನದ ಸಂಸಾರಗಳು ಬೇಸಾಯ ಮಾಡಿಕೊಂಡು ಕಡಮೆ ವೆಚ್ಚದಲ್ಲಿ ಬಾಳಲೆಂದು ಅಲ್ಲಿ ವೈಟ್‌ಫೀಲ್ಡ್ ಎಂಬ ಹಳ್ಳಿಯು ಹುಟ್ಟಿತು. ಇಂದು ಅಲ್ಲಿ ಒಂದು ಸಣ್ಣ ಮನೆಯ ಬಾಡಿಗೆಯನ್ನು ಕೇಳಿದರೆ ಸವಣೂರಿನ ಶಿಕ್ಷಕನಿಗೆ ತಲೆತಿರುಗುತ್ತದೆ. ನಿವೃತ್ತರ ಸ್ವರ್ಗವೆಂದು ಬೆಂಗಳೂರನ್ನು ಹೊಗಳಿದವರ ಹೊಗಳಿಕೆಯೂ ಅದನ್ನು ನಿವೃತ್ತರಿಗೆ ಎಟುಕದಂತೆ ಮಾಡಿದ ಕಾರಣಗಳಲ್ಲಿ ಒಂದು. ಹೊರಗಿನ ಹಣ ಬಂದೊಡನೆ ಮೊದಲು ಏರುವುದು ನೆಲದ ಬೆಲೆ, ಆಮೇಲೆ ಬಾಡಿಗೆ, ಕಟ್ಟಕಡೆಗೆ ಕೂಲಿ. ಈ ಮೂರರ ನಡುವಣ ಕಾಲದಲ್ಲಿ ಹಳೆಯ ನಿವಾಸಿಯು ತನ್ನ ಊರಿನಲ್ಲಿಯೇ ಪರದೇಶಿಯಾಗುತ್ತಾನೆ.

ಇಷ್ಟು ಹೇಳಿ, ಇಷ್ಟು ತೊಡಕುಗಳಿರುವುದರಿಂದ ಸವಣೂರಿನ ತಮ್ಮ ಹಳೆಯ ಮನೆಯಲ್ಲಿಯೇ ನಿಲ್ಲುವುದು ಉತ್ತಮವೆಂದು ನಾನು ಸ್ನೇಹಿತರಿಗೆ ಉಪದೇಶ ಮಾಡಿದೆನು. ಆಗ ಅಲ್ಲಿಯೇ ಕುಳಿತಿದ್ದ ವೈನಿಯವರು ನಗುತ್ತ, ಆದರೆ ನಗೆಯ ಮಾತಲ್ಲದ ಮಾತನ್ನು ಹೇಳಿದರು: "ಮಾಸ್ತರರೇ, ನಿಮ್ಮ ಸ್ನೇಹಿತರಿಗೆ ಈ ಊರು ಬಾಲ್ಯ, ನನಗೆ ಇದು ಅತ್ತೆಯ ಮನೆ. ಇಲ್ಲಿ ನಾನು ಹೊರಗೆ ಕಾಲಿಟ್ಟರೆ ಎಲ್ಲಿಗೆ, ಏಕೆ, ಯಾರ ಸಂಗಡ ಎಂದು ಕೇಳುವವರು ಬೀದಿಗೆ ಹತ್ತು ಮಂದಿ. ಯಾರೂ ನನ್ನನ್ನು ಅರಿಯದ ಊರಿನಲ್ಲಿ ನಾನು ಮೂವತ್ತು ವರ್ಷ ನಿಶ್ಚಿಂತಳಾಗಿ ನಡೆದೆ. ನೀವು ದಿಕ್ಕು ಎಂದು ಕರೆಯುವುದು ಕೆಲವೊಮ್ಮೆ ನಮಗೆ ಕಾವಲು ಆಗುತ್ತದೆ."

ಈ ಮಾತಿಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಈಗಲೂ ಇಲ್ಲ. ಹುಟ್ಟೂರಿನ ಮಮತೆಯನ್ನು ಹೊಗಳುವವರು ಹೆಚ್ಚಾಗಿ ಅಲ್ಲಿ ಗೌರವದಿಂದ ಬಾಳಿದವರು. ಊರು ಯಾರಿಗೆ ಭಾರವಾಗಿದ್ದಿತೋ, ಹೆಣ್ಣುಮಕ್ಕಳು, ವಿಧವೆಯರು, ಕೇರಿಯ ಹೊರಗೆ ಇಡಲ್ಪಟ್ಟವರು, ಅವರಿಗೆ ಪರಸ್ಥಳದ ಅಪರಿಚಿತತೆಯು ಒಂದು ಬಿಡುಗಡೆಯಾಗಿರಬಹುದು. ಸ್ವಸ್ಥಳವನ್ನು ಬಿಟ್ಟವರೆಲ್ಲ ಹಣಕ್ಕಾಗಿ ಬಿಟ್ಟರೆಂದು ತಿಳಿಯುವುದು ಅನ್ಯಾಯ. ಕೆಲವರು ಉಸಿರಿಗಾಗಿ ಬಿಡುತ್ತಾರೆ. ಆದುದರಿಂದ ಸ್ವಗ್ರಾಮವಾಸವೇ ಧರ್ಮ, ಪರವಾಸವು ಅಧರ್ಮವೆಂಬ ನನ್ನ ಸರಳವಾದ ಸಿದ್ಧಾಂತವು ಅಂದೇ ಮುರಿದುಬಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಉಳಿದಿತ್ತು. ಸ್ನೇಹಿತರು ಸವಣೂರಿನಲ್ಲಿ ನಾಲ್ಕು ತಿಂಗಳು ಇದ್ದು ನೋಡುವೆವೆಂದು ಮನೆ ಮಾಡಿದರು. ಅಡಿಗೆಗೂ ಮನೆಗೆಲಸಕ್ಕೂ ಒಬ್ಬಳನ್ನು ಗೊತ್ತುಮಾಡಿಕೊಂಡು ತಿಂಗಳಿಗೆ 12,000 ರೂಪಾಯಿ ಕೊಡತೊಡಗಿದರು. ಅದೇ ಕೆಲಸಕ್ಕೆ ನಮ್ಮ ಮನೆಯಲ್ಲಿ ಆಕೆಯ ಅಕ್ಕನಿಗೆ ನಾವು ಕೊಡುತ್ತಿದ್ದುದು 4,000. ನನಗೆ ಸಿಟ್ಟು ಬಂದಿತು. ಹೊರಗಿನ ಹಣವು ಊರಿನ ಪದ್ಧತಿಯನ್ನು ಕೆಡಿಸುತ್ತದೆಂದು ಸ್ನೇಹಿತರೊಡನೆ ವಾದಿಸಿದೆನು. ಒಂದು ವಾರದೊಳಗೆ ನಾನು ಅಂಜಿದ್ದುದೇ ಆಯಿತು. ನಮ್ಮ ಮನೆಯ ಕೆಲಸದವಳು ಕಸಬರಿಗೆಯನ್ನು ಮೂಲೆಗಿಟ್ಟು ನನ್ನ ಹೆಂಡತಿಗೆ ಹೇಳಿದಳು: "ಅವ್ವಾರ, ನನ್ನ ತಂಗಿಗೆ ಅಲ್ಲಿ ಹನ್ನೆರಡು ಸಾವಿರ ಕೊಡ್ತಾರ. ಭಾಂಡಿ ಅಲ್ಲೂ ಅವ, ಇಲ್ಲೂ ಅವ. ನಾ ಹೆಚ್ಚು ಕೇಳಂಗಿಲ್ಲ. ಆದ್ರ ನನ್ನ ಕೈ ಯಾಕ ಸೋವಿ ಆತು ಅಂತ ತಿಳೀವಲ್ತು."

ನಾನು ಒಳಗಿನ ಕೋಣೆಯಲ್ಲಿ ಈ ಲೇಖನದ ಮೊದಲನೆಯ ಕರಡನ್ನೇ ಬರೆಯುತ್ತ ಕುಳಿತಿದ್ದೆನು. ಸೋವಿಯ ನಾಡೆಂದರೆ ಮನುಷ್ಯನ ದುಡಿಮೆಯು ಸೋವಿಯಾದ ನಾಡೆಂದು ಬರೆದ ಶಾಯಿಯು ಇನ್ನೂ ಒಣಗಿರಲಿಲ್ಲ. ಸೋವಿಯ ನಾಡನ್ನು ಹುಡುಕಿಕೊಂಡು ಹೋಗುವವರನ್ನು ಕುರಿತು ನ್ಯಾಯನಿರ್ಣಯ ಮಾಡಲು ಕುಳಿತ ನಾನು ಇಷ್ಟು ವರ್ಷ ಎಲ್ಲಿ ವಾಸವಾಗಿದ್ದೆನು? ಕಡಲನ್ನು ದಾಟದೆ, ವಿಮಾನವನ್ನೇರದೆ, ಯಾವ ಪತ್ರಕ್ಕೂ ಅರ್ಜಿ ಹಾಕದೆ ನಾನೂ ಆ ನಾಡಿನಲ್ಲಿಯೇ ಇದ್ದೆನು. ನನ್ನ ನಿವೃತ್ತಿವೇತನವೂ ಸರಕಾರದ ತುಟ್ಟಿಯ ದರದಿಂದ ಬರುತ್ತಿತ್ತು. ನನ್ನ ಮನೆಯ ಕಸವು ಊರಿನ ಸೋವಿಯ ದರದಿಂದ ಹೋಗುತ್ತಿತ್ತು. ನನ್ನ ಓದಿಗೂ ಬರೆಹಕ್ಕೂ ಸಿಕ್ಕಿದ ಹೊತ್ತನ್ನೆಲ್ಲ ನಾನು ಆಕೆಯಿಂದ ಕೊಂಡಿದ್ದೆನು, ಅದೂ ಬಹಳ ಕಡಮೆ ಬೆಲೆಗೆ.

ಇಲ್ಲಿಂದ ಈ ವಿಚಾರವು ಬೇರೊಂದು ಬೆಳಕಿನಲ್ಲಿ ಕಾಣತೊಡಗಿತು. ಪ್ರಶ್ನೆಯು ಯಾವ ದೇಶದಲ್ಲಿ ಬಾಳಬೇಕೆಂಬುದಲ್ಲ. ಇದ್ದ ದೇಶದೊಡನೆ ಯಾವ ಸಂಬಂಧದಿಂದ ಬಾಳಬೇಕೆಂಬುದು. ಇದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಸೂಚನೆಯುಂಟು. ಒಬ್ಬನು ಒಂದು ಊರನ್ನು ಬಿಟ್ಟು ಹೋದರೆ, ಆ ಊರಿನ ಅನ್ನನೀರಿನ ಋಣ ತೀರಿತೆಂದು ನಾವು ಹೇಳುತ್ತೇವೆ. ಅವನು ಆ ಅನ್ನಕ್ಕೆ ಹಣವನ್ನು ಕೊಟ್ಟಿರಲಿಲ್ಲವೇ? ಬಾಡಿಗೆಯನ್ನು ತಿಂಗಳು ತಿಂಗಳು ಎಣಿಸಿರಲಿಲ್ಲವೇ? ಹಾಗಾದರೆ ಋಣವು ಎಲ್ಲಿಂದ ಬಂದಿತು? ಕೊಳ್ಳುವವನ ದೃಷ್ಟಿಯಲ್ಲಿ ಬೆಲೆಯನ್ನು ಕೊಟ್ಟೊಡನೆ ವ್ಯವಹಾರ ಮುಗಿಯಿತು; ನಮ್ಮ ಹಿರಿಯರ ದೃಷ್ಟಿಯಲ್ಲಿ ಅಲ್ಲಿಯೇ ಸಂಬಂಧವು ಆರಂಭವಾಯಿತು. ಊರೊಂದರಲ್ಲಿ ಬಾಳುವುದು ಕ್ರಯವಲ್ಲ, ಋಣ. ಕೊಟ್ಟ ಬೆಲೆಗಿಂತ ಪಡೆದುದು ಹೆಚ್ಚಾದಷ್ಟೂ, ಅಂದರೆ ನಾಡು ಸೋವಿಯಾದಷ್ಟೂ, ಆ ಋಣವು ಬೆಳೆಯುತ್ತದೆ. ಸೋವಿಯ ನಾಡಿನಲ್ಲಿ ಬಾಳುವವನು ಉಳಿತಾಯ ಮಾಡಿದೆನೆಂದು ಹಿಗ್ಗುವಾಗ, ಆ ಉಳಿತಾಯದ ಪುಟಕ್ಕೆ ಎದುರಾಗಿ ಸಾಲದ ಪುಟವೊಂದು ಇದ್ದೇ ಇದೆ.

ಈ ಋಣವನ್ನು ತೀರಿಸುವ ಬಗೆಯೇನೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಉದಾಹರಣೆಯಿದೆ. ಶಿಗ್ಗಾಂವಿ ಹಾನಗಲ್ಲುಗಳ ಪಕ್ಕದ ಮುಂಡಗೋಡದಲ್ಲಿ 1966ರಿಂದ ಟಿಬೇಟಿನ ಜನರು ನೆಲೆಸಿದ್ದಾರೆ. ಸರಕಾರವು ಅವರಿಗೆ ಸುಮಾರು 4,000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟಿತು. ಅವರು ಸೋವಿಯನ್ನು ಹುಡುಕಿ ಬಂದವರಲ್ಲ. ತಮ್ಮ ನಾಡನ್ನು ಕಳೆದುಕೊಂಡು ಬಂದವರು. ಚಳಿಯ ನಾಡಿನ ಜನರು ನಮ್ಮ ಸೆಕೆಯಲ್ಲಿ ಕಾಡನ್ನು ಕಡಿದು ಹೊಲ ಮಾಡಿದರು; ದ್ರೆಪುಂಗ್, ಗಾಂದೆನ್ ಎಂಬ ತಮ್ಮ ಪ್ರಾಚೀನ ವಿಹಾರಗಳನ್ನು ಮತ್ತೆ ಕಟ್ಟಿ, ಲೋಕದ ಬೇರೆ ಬೇರೆ ಕಡೆಗಳಿಂದ ವಿದ್ಯಾರ್ಥಿಗಳು ಬರುವಂತೆ ಮಾಡಿದರು. ಅವರ ಮಕ್ಕಳಲ್ಲಿ ಕನ್ನಡವನ್ನು ಚೆನ್ನಾಗಿ ಆಡುವವರನ್ನು ನಾನು ಕಂಡಿದ್ದೇನೆ. ಎಲ್ಲವೂ ಸುಗಮವಾಗಿದೆಯೆಂದಲ್ಲ, ತಮ್ಮ ನಾಡಿಗೆ ಮರಳುವ ಆಸೆಯನ್ನು ಅವರು ಬಿಟ್ಟವರೂ ಅಲ್ಲ. ಆದರೂ ಇದ್ದಷ್ಟು ದಿನ ಆ ನೆಲಕ್ಕೆ ಏನನ್ನಾದರೂ ಸೇರಿಸಬೇಕೆಂಬ ರೀತಿಯಲ್ಲಿ ಅವರು ಬಾಳಿದ್ದಾರೆ. ಬಾಡಿಗೆದಾರನಿಗೂ ನಿವಾಸಿಗೂ ಇರುವ ಭೇದವು ಇದೇ.

ಹಾಗಾದರೆ ಪರನಾಡಿಗೆ ಹೊರಡುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದೇನು? ಆ ನಾಡಿನ ಸೋವಿತನವು ನಾಳೆ ಹೋದರೂ ನಾನು ಅಲ್ಲಿ ಇರಲು ಬಯಸುವೆನೇ ಎಂಬುದು ಮೊದಲನೆಯ ಪ್ರಶ್ನೆ. 1966ರಲ್ಲಿಯೂ 1991ರಲ್ಲಿಯೂ ನಮ್ಮ ರೂಪಾಯಿಯ ಬೆಲೆಯನ್ನು ಸರಕಾರವೇ ಇಳಿಸಿತು. 1997ರಲ್ಲಿ ಥಾಯ್ಲೆಂಡಿನ ಬಾಹ್ತ್ ಕೆಲವು ತಿಂಗಳುಗಳಲ್ಲಿಯೇ ತನ್ನ ಬೆಲೆಯ ಅರ್ಧದಷ್ಟನ್ನು ಕಳೆದುಕೊಂಡಿತು. ಹಣದ ಅಂತರವನ್ನೇ ನಂಬಿದವನ ಮನೆಯು ಮರಳಿನ ಮೇಲಿನದು. ಅಲ್ಲಿಯ ಮಾತನ್ನು, ಕಡೆಗೆ ನೆರೆಯವನ ಸುಖದುಃಖವನ್ನು ವಿಚಾರಿಸುವಷ್ಟಾದರೂ, ಕಲಿಯುವೆನೇ ಎಂಬುದು ಎರಡನೆಯದು. ನನ್ನ ಸೇವೆ ಮಾಡುವವರ ಕೈಯನ್ನು ನಾನು ಊರಿನ ದರದಿಂದ ಅಳೆಯುವೆನೋ, ಅವರ ಅವಶ್ಯಕತೆಯಿಂದ ಅಳೆಯುವೆನೋ ಎಂಬುದು ಮೂರನೆಯದು. ನಾನು ಬಿಟ್ಟುಬಂದ ಕಡೆ ನನಗಾಗಿ ಕಾದಿರುವ ಕರ್ತವ್ಯವು ಯಾವುದಾದರೂ ಉಳಿದಿದೆಯೇ ಎಂಬುದು ಕಡೆಯದು. ಈ ನಾಲ್ಕಕ್ಕೂ ನಿರ್ಮಲವಾದ ಮನಸ್ಸಿನಿಂದ ಉತ್ತರ ಕೊಡಬಲ್ಲವನು ಎಲ್ಲಿಯಾದರೂ ಬಾಳಲಿ. ಅವನು ಅಲ್ಲಿಯವನೇ ಆಗುವನು. ಕೊಡಲಾರದವನು ತನ್ನ ಅಜ್ಜನು ಕಟ್ಟಿಸಿದ ಮನೆಯಲ್ಲಿದ್ದರೂ ಬಾಡಿಗೆದಾರನೇ.

ಸ್ನೇಹಿತರು ಇನ್ನೂ ಏನನ್ನೂ ನಿಶ್ಚಯಿಸಿಲ್ಲ. ನಾಲ್ಕು ತಿಂಗಳು ಇಲ್ಲಿದ್ದು ಹಿಂದಿರುಗಿದ್ದಾರೆ; ಹಳೆಯ ಮನೆಯನ್ನು ಮಾರಿಲ್ಲ, ಬೀಗದ ಕೈ ನನ್ನಲ್ಲಿಯೇ ಇದೆ. ವೈನಿಯವರು ಹೋಗುವಾಗ, ಬಂದರೆ ಹೊಸ ಓಣಿಯಲ್ಲಿ ಬೇರೆ ಮನೆ ಮಾಡಿಕೊಂಡೇ ಬರುವೆನೆಂದು ಹೇಳಿಹೋದರು. ಅದು ಅವರ ಅಧಿಕಾರ. ನಮ್ಮ ಮನೆಯ ಕೆಲಸದವಳಿಗೆ ಈಗ ನಾವು 9,000 ಕೊಡುತ್ತೇವೆ. 12,000 ಕೊಡುವ ಶಕ್ತಿಯಿಲ್ಲವೆಂದು ನನ್ನ ಹೆಂಡತಿಯೂ ನಾನೂ ಕೂಡಿ ಲೆಕ್ಕ ಹಾಕಿದೆವು. ಆ ಲೆಕ್ಕವು ಪೂರ್ಣವಾಗಿ ಪ್ರಾಮಾಣಿಕವಾದುದೆಂದು ಆಣೆಯಿಡಲಾರೆನು. ಕೊರತೆಯಾದುದಕ್ಕೆ ಮಧ್ಯಾಹ್ನದ ಪಾತ್ರೆಗಳನ್ನು ನಾನೇ ತೊಳೆಯುತ್ತೇನೆ. ಎಪ್ಪತ್ತು ವರ್ಷ ಬಾಳಿದ ಊರಿನಲ್ಲಿ ನಾನು ಈಗ ತಾನೇ ನೆಲೆಸಲು ಕಲಿಯುತ್ತಿರುವಂತೆ ತೋರುತ್ತದೆ.